ಹಳೆಯ ಮನೆಗೆ ಹಾರೆ ಹಾಕುವ ಮುನ್ನ

ಅಜ್ಜ ಕಟ್ಟಿಸಿದ ಮನೆ ಸೋರುತ್ತಿದೆ. ಗೋಡೆಯ ಬುಡದಲ್ಲಿ ಗಾರೆ ಉದುರುತ್ತಿದೆ, ನಡುಮನೆಯ ತೊಲೆಯೊಂದು ಬಾಗಿದಂತೆ ಕಾಣುತ್ತದೆ. ಅಣ್ಣ ತಮ್ಮಂದಿರು ಒಬ್ಬೊಬ್ಬರು ಒಂದೊಂದು ಊರಿನಲ್ಲಿದ್ದಾರೆ. ಕರೆಸಿದ ಗುತ್ತಿಗೆದಾರರು ಒಳಗೆ ಕಾಲಿಟ್ಟ ಎರಡೇ ನಿಮಿಷಕ್ಕೆ ತೀರ್ಪು ಕೊಡುತ್ತಾರೆ: ‘ಇದರ ಆಯಸ್ಸು ಮುಗೀತು ಸಾರ್, ಕೆಡವಿ ಮೂರು ಫ್ಲೋರ್ ಎಬ್ಬಿಸಿಬಿಡೋಣ.’ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ, ಮೈಸೂರಿನ ಅಗ್ರಹಾರ, ಲಕ್ಷ್ಮೀಪುರಂಗಳಲ್ಲಿ ಎಷ್ಟೋ ಕುಟುಂಬಗಳು ಈ ಮಾತಿಗೆ ತಲೆಯಾಡಿಸಿ ಆಗಿದೆ. ಇನ್ನೂ ತೀರ್ಮಾನಕ್ಕೆ ಬಾರದವರಿಗಾಗಿ ಈ ಬರಹ.

ನನ್ನ ಮಾತು ಇಷ್ಟು. ಇಂಥ ಮನೆಗಳಲ್ಲಿ ಹೆಚ್ಚಿನವು ಹಾಳಾಗಿರುವುದು ನೀರಿನಿಂದ, ಮತ್ತೆ ಆ ನೀರನ್ನು ತಡೆಯುತ್ತೇವೆಂದು ಕಳೆದ ಕೆಲವು ದಶಕಗಳಲ್ಲಿ ಬಳಿದ ಸಿಮೆಂಟಿನಿಂದ. ಎರಡಕ್ಕೂ ಮದ್ದಿದೆ. ಮದ್ದು ಮಾಡಿದ ಮೇಲೆ ಹಿಂಬದಿಯಲ್ಲಿ ಹೊಸದಾಗಿ ಕಟ್ಟಿಕೊಳ್ಳಲು ಜಾಗವೂ ಉಳಿಯುತ್ತದೆ.

ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರ ಪ್ಲೇಗು ಪೇಟೆಯ ಇಕ್ಕಟ್ಟಾದ ಓಣಿಗಳನ್ನು ಹಿಂಡಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣೆಗೆಂದೇ ಟ್ರಸ್ಟ್ ಬೋರ್ಡ್ ಹುಟ್ಟಿಕೊಂಡಿತು. ಆ ಕಾಲದ ಮನೆಗಳಲ್ಲಿ ಸುತ್ತ ಬಿಟ್ಟ ಜಾಗ, ಎತ್ತರದ ಚಾವಣಿ, ಎದುರುಬದುರಾದ ಕಿಟಕಿ, ಮೇಲೊಂದು ಗವಾಕ್ಷಿ ಇರುವುದು ಅಂದಕ್ಕಷ್ಟೇ ಅಲ್ಲ. ರೋಗಕ್ಕೆ ಹೆದರಿ ಊರು ಬಿಟ್ಟು ಬಂದವರು ಗಾಳಿ ಬೆಳಕನ್ನು ಮುಂದಿಟ್ಟುಕೊಂಡು ಕಟ್ಟಿದ ಮನೆಗಳು ಅವು. ದುರಸ್ತಿಯ ಹೆಸರಿನಲ್ಲಿ ಗವಾಕ್ಷಿ ಮುಚ್ಚಿ, ಫಾಲ್ಸ್ ಸೀಲಿಂಗ್ ಇಳಿಸಿ, ಪಕ್ಕದ ಓಣಿಗೆ ಶೀಟು ಹೊದಿಸಿದರೆ ಹೊರಗಿನ ರೂಪ ಉಳಿದರೂ ಮನೆಯ ಉಸಿರು ಕಟ್ಟುತ್ತದೆ.

ಒಂದು ಮಳೆಗಾಲ ನೋಡಿ

ಯಾವ ಕೆಲಸಕ್ಕೂ ಕೈಹಾಕುವ ಮೊದಲು ಜೋರು ಮಳೆಯ ದಿನ ಕೊಡೆ ಹಿಡಿದು ಮನೆಯನ್ನು ಒಂದು ಸುತ್ತು ಹಾಕಿ. ತಾರಸಿಯ ನೀರು ಎಲ್ಲಿಂದ ಇಳಿಯುತ್ತಿದೆ, ಯಾವ ಕೊಳವೆ ಕಟ್ಟಿಕೊಂಡು ಗೋಡೆಯ ಮೇಲೆ ಹರಿಯುತ್ತಿದೆ, ಇಳಿದ ನೀರು ಎಲ್ಲಿ ಮಡುಗಟ್ಟುತ್ತಿದೆ ಎಂಬುದು ಆ ಹತ್ತು ನಿಮಿಷದಲ್ಲಿ ತಿಳಿಯುವಷ್ಟು ಬೇಸಿಗೆಯ ಯಾವ ತಪಾಸಣೆಯಲ್ಲೂ ತಿಳಿಯದು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ. ಸಾವಿರ ಚದರಡಿಯ ತಾರಸಿಯೊಂದರ ಮೇಲೆ ವರ್ಷದಲ್ಲಿ ಬೀಳುವ ನೀರು ಸುಮಾರು 90 ಸಾವಿರ ಲೀಟರ್. ಅಷ್ಟೂ ನೀರಿಗೆ ಹೊರದಾರಿ ಇರಬೇಕು. ಎರಡೇ ಎರಡು ಕೊಳವೆಗಳಿದ್ದು, ಅದರಲ್ಲೊಂದರ ಬಾಯಿಗೆ ಎಲೆ ತುಂಬಿದ್ದರೆ ಒಳಗೆ ಸೋರಿದ್ದನ್ನು ಮನೆಯ ಮುಪ್ಪು ಎನ್ನಲಾಗದು.

ಆಮೇಲೆ ಗೇಟಿನ ಬಳಿ ನಿಂತು ರಸ್ತೆಯನ್ನು ನೋಡಿ. ದಶಕಗಳಿಂದ ಡಾಂಬರಿನ ಮೇಲೆ ಡಾಂಬರು ಹಾಕುತ್ತ ಬಂದು ನಮ್ಮ ಹಳೆ ಬಡಾವಣೆಗಳ ರಸ್ತೆಗಳು ಮೇಲೇರಿವೆ. ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಜಗುಲಿಗೆ ಈಗ ಒಂದೇ ಮೆಟ್ಟಿಲು. ಅಂಗಳಕ್ಕೂ ಮಣ್ಣು ತುಂಬಿಸಿ, ಟೈಲ್ಸ್ ಹಾಕಿ, ಗೋಡೆಯ ಬುಡದವರೆಗೆ ಕಾಂಕ್ರೀಟು ಸುರಿದಿರುತ್ತಾರೆ. ನೆಲದ ತೇವಕ್ಕೆ ಆವಿಯಾಗಿ ಹೋಗಲು ತೆರೆದ ಮಣ್ಣೇ ಉಳಿದಿರುವುದಿಲ್ಲ. ಅದು ಇಟ್ಟಿಗೆಯೊಳಗಿಂದ ಮೇಲಕ್ಕೆ ಹತ್ತುತ್ತದೆ. ಒಳಗೋಡೆಯಲ್ಲಿ ನೆಲದಿಂದ ಮೂರಡಿಯವರೆಗೆ ಬಣ್ಣ ಉಬ್ಬಿ, ಬಿಳಿ ಉಪ್ಪು ಅರಳಿ, ಗಾರೆ ಪುಡಿಯಾಗುವುದು ಹೀಗೆ. ಇದಕ್ಕೆ ಮೊದಲ ಚಿಕಿತ್ಸೆ ಒಳಗಲ್ಲ, ಹೊರಗೆ. ಗೋಡೆಗೆ ಹೊಂದಿದ ಕಾಂಕ್ರೀಟನ್ನು ಒಂದೂವರೆ ಎರಡು ಅಡಿ ಅಗಲಕ್ಕೆ ಒಡೆದು ತೆಗೆಯಿರಿ. ಅಂಗಳದ ಮಟ್ಟವನ್ನು ಮನೆಯ ನೆಲಗಟ್ಟಿಗಿಂತ ಸಾಕಷ್ಟು ಕೆಳಗಿಳಿಸಿ, ಅಲ್ಲಿ ಜಲ್ಲಿ ತುಂಬಿ, ಗೋಡೆಯಿಂದ ಆಚೆಗೆ ಇಳಿಜಾರು ಕೊಟ್ಟು, ನೀರು ಚರಂಡಿಗೋ ಇಂಗುಗುಂಡಿಗೋ ಹೋಗುವಂತೆ ಮಾಡಿ. ಇಂಗುಗುಂಡಿ ಅಡಿಪಾಯದಿಂದ ದೂರವಿರಲಿ. ಖರ್ಚಿನಲ್ಲಿ ಇದು ಸಣ್ಣ ಕೆಲಸ. ಇದಾದ ಮೇಲೆ ಒಂದೆರಡು ಬೇಸಿಗೆಯಲ್ಲಿ ಗೋಡೆ ತಾನಾಗಿ ಒಣಗುವುದುಂಟು.

ಬಿರುಕುಗಳನ್ನು ಕಂಡ ಕೂಡಲೇ ತುಂಬಿಸಬೇಡಿ. ಬಿರುಕಿಗೆ ಅಡ್ಡವಾಗಿ ಸಣ್ಣ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಯಲ್ಲಿ ಪ್ಲಾಸ್ಟರಿನಿಂದ ಅಂಟಿಸಿ, ಮೇಲೆ ತಾರೀಕು ಬರೆದಿಡಿ. ಒಂದು ಮಳೆ, ಒಂದು ಬೇಸಿಗೆ ಕಳೆದರೂ ಗಾಜು ಹಾಗೇ ಇದ್ದರೆ ಅದು ಎಂದೋ ಬಿಟ್ಟು ನಿಂತುಹೋದ ಬಿರುಕು. ಸುಣ್ಣದ ಗಾರೆ ತುಂಬಿದರೆ ಸಾಕು. ಗಾಜು ಒಡೆದಿದ್ದರೆ ಗೋಡೆ ಇನ್ನೂ ಚಲಿಸುತ್ತಿದೆ: ಬುಡದಲ್ಲಿ ಒಡೆದ ಒಳಚರಂಡಿ ಪೈಪು, ಅಡಿಪಾಯಕ್ಕೆ ನುಗ್ಗಿದ ಮರದ ಬೇರು, ಪಕ್ಕದ ನಿವೇಶನದಲ್ಲಿ ತೋಡಿದ ನೆಲಮಾಳಿಗೆ, ಹೀಗೆ ಕಾರಣ ಹುಡುಕಬೇಕು.

ಕಾಯಲು ಪುರುಸೊತ್ತಿಲ್ಲದ ಲಕ್ಷಣಗಳೂ ಇವೆ. ಗೋಡೆ ಹೊಟ್ಟೆ ಬಿಟ್ಟಂತೆ ಹೊರಗೆ ಉಬ್ಬಿದ್ದರೆ, ತೊಲೆಯ ತುದಿ ಗೋಡೆಯಿಂದ ಜಾರಿದಂತಿದ್ದರೆ, ಕಮಾನಿನ ನೆತ್ತಿಯಲ್ಲಿ ಹೊಸ ಬಿರುಕು ಕಂಡರೆ ಆ ದಿನವೇ ಆಸರೆಗೆ ಕಂಬ ಕೊಡಿಸಿ, ಆ ಕೋಣೆಯಿಂದ ಜನರನ್ನು ಹೊರಗೆ ಕಳಿಸಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ ಬಿತ್ತು. ಹಳೆಯದನ್ನು ಉಳಿಸಬೇಕೆನ್ನುವವರು ಈ ಎರಡನ್ನೂ ಮರೆಯಕೂಡದು. ಉಳಿಸುವುದೆಂದರೆ ಮೊದಲು ಒಳಗಿರುವ ಜನರನ್ನು ಉಳಿಸುವುದು.

ತಪಾಸಣೆಗೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸುವಾಗ ಒಂದು ಪ್ರಶ್ನೆ ಕೇಳಿ: ಕಾಲಂ, ಬೀಮ್ ಇಲ್ಲದೆ ಗೋಡೆಯೇ ಭಾರ ಹೊರುವ ಕಟ್ಟಡಗಳಲ್ಲಿ ನೀವು ಕೆಲಸ ಮಾಡಿದ್ದೀರಾ? ಕಾಂಕ್ರೀಟ್ ಚೌಕಟ್ಟನ್ನಷ್ಟೇ ಬಲ್ಲವರಿಗೆ ಮಣ್ಣುಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ ಕಂಡರೆ ದಿಗಿಲು. ಅದು ಅವರ ತಪ್ಪಲ್ಲ, ಕಾಲೇಜುಗಳಲ್ಲಿ ಅದನ್ನು ಕಲಿಸುವುದೇ ಕಡಿಮೆ. ಸಂರಕ್ಷಣೆಯನ್ನೇ ಓದಿಕೊಂಡ ವಾಸ್ತುಶಿಲ್ಪಿಗಳು ನಮ್ಮಲ್ಲಿದ್ದಾರೆ. ಇಂಟಾಕ್ ಸಂಸ್ಥೆಯ ಬೆಂಗಳೂರು ಅಧ್ಯಾಯವನ್ನೋ, ಮೈಸೂರಿನಲ್ಲಿ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯನ್ನೋ ವಿಚಾರಿಸಿದರೆ ದಾರಿ ಸಿಗುತ್ತದೆ.

ಸುಣ್ಣದ ಗೋಡೆಗೆ ಸುಣ್ಣವೇ

ಇನ್ನು ಗಾರೆಯ ಮಾತು. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಹಳೆ ಮನೆಗಳಿಗೆ ಅತಿ ಹೆಚ್ಚು ಹಾನಿ ಆಗಿರುವುದು ಈ ವಿಷಯದಲ್ಲೇ.

ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ ಸುಟ್ಟ ಸುಣ್ಣ. ಅದಕ್ಕೆ ನೀರು ಹಾಕಿದಾಗ ಕುದಿದು ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳನ್ನೋ, ಇಟ್ಟಿಗೆ ಪುಡಿಯ ಸುರ್ಕಿಯನ್ನೋ ಬೆರೆಸಿ ಗಾಣದಲ್ಲಿ ಅರೆದು ಗಾರೆ ಮಾಡುತ್ತಿದ್ದರು. ಗೋಡೆಗೆ ಹತ್ತಿದ ಮೇಲೆ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಕಲ್ಲಾಗುತ್ತದೆ. ಈ ಗಾರೆಗೆ ಎರಡು ಗುಣ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ತಾಳಿಕೊಳ್ಳುತ್ತದೆ, ಮತ್ತು ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಮಳೆಗಾಲದಲ್ಲಿ ನೆನೆದ ಗೋಡೆ ಬೇಸಿಗೆಯಲ್ಲಿ ಒಣಗುವುದನ್ನು ನಂಬಿಯೇ ಆ ಮನೆಗಳನ್ನು ಕಟ್ಟಿದ್ದು.

ಸಿಮೆಂಟು ಪ್ಲಾಸ್ಟರು ಗಟ್ಟಿ, ಬಿಗಿ. ಹಳೆ ಇಟ್ಟಿಗೆ ಅದಕ್ಕಿಂತ ಮೆದು. ಸಿಮೆಂಟಿನ ಹಿಂದೆ ಸಿಕ್ಕಿಬಿದ್ದ ತೇವ ಹೊರಬರಲಾಗದೆ ಇನ್ನೂ ಮೇಲಕ್ಕೆ ಹತ್ತುತ್ತದೆ, ಇಲ್ಲವೇ ಒಳಕೋಣೆಗೆ ಇಳಿಯುತ್ತದೆ. ಅದರೊಳಗಿನ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ತಿನ್ನುತ್ತದೆ. ಕೆಲವು ವರ್ಷಗಳಲ್ಲಿ ಪ್ಲಾಸ್ಟರು ಚಕ್ಕೆಚಕ್ಕೆಯಾಗಿ ಬೀಳುವಾಗ ಇಟ್ಟಿಗೆಯ ಹೊಟ್ಟೆಯೂ ಜೊತೆಗೆ ಬರುತ್ತದೆ. ಆಗ ಮನೆಯವರು ‘ಇಟ್ಟಿಗೆಯೇ ಸತ್ತಿದೆ’ ಎನ್ನುತ್ತಾರೆ. ವಾಟರ್‌ಪ್ರೂಫ್ ರಾಸಾಯನಿಕ, ಎನಾಮಲ್, ಪ್ಲಾಸ್ಟಿಕ್ ಎಮಲ್ಷನ್‌ಗಳೂ ಇದೇ ಕೆಲಸ ಮಾಡುತ್ತವೆ. ಹಳೆ ಗೋಡೆಗೆ ಬಳಿಯಬೇಕಾದದ್ದು ಸುಣ್ಣ. ಬಣ್ಣ ಬೇಕಿದ್ದರೆ ಸುಣ್ಣಕ್ಕೆ ಹೊಂದುವ ಮಣ್ಣಿನ ಬಣ್ಣ. ಯುಗಾದಿಗೆ ಮನೆಮನೆಗೂ ಸುಣ್ಣ ಬಳಿಯುತ್ತಿದ್ದ ರೂಢಿಯೇ ಈ ಗೋಡೆಗಳ ವಾರ್ಷಿಕ ದುರಸ್ತಿಯಾಗಿತ್ತು. ಗೋಡೆಗೆ ಮೊದಲು ನೀರು ಚಿಮುಕಿಸಿ, ತೆಳುವಾಗಿ ಹಲವು ಸಲ ಬಳಿಯಬೇಕು. ಒಂದೇ ಸಲ ದಪ್ಪಕ್ಕೆ ಬಳಿದರೆ ಹಪ್ಪಳವಾಗಿ ಏಳುತ್ತದೆ.

ಮನೆಗೆ ಈಗಾಗಲೇ ಸಿಮೆಂಟು ಬಳಿದಿದ್ದರೆ? ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಸಣ್ಣ ಉಳಿ ಸುತ್ತಿಗೆಯಲ್ಲಿ ಕೈಯಿಂದಲೇ ಬಿಡಿಸಿ. ಬ್ರೇಕರ್ ಯಂತ್ರ ಹತ್ತಿರ ಬರಬಾರದು. ಗಟ್ಟಿಯಾಗಿ ಕಚ್ಚಿಕೊಂಡು, ತೆಗೆದರೆ ಇಟ್ಟಿಗೆಯೂ ಕಿತ್ತುಬರುವಂತಿದ್ದರೆ ಅಷ್ಟು ಭಾಗವನ್ನು ಸದ್ಯಕ್ಕೆ ಬಿಟ್ಟುಬಿಡುವುದೇ ಲೇಸು. ಬಿಡಿಸಿದ ಗೋಡೆ ಒಣಗಲು ಸಮಯ ಕೊಡಿ, ಅರಳಿದ ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ ತೆಗೆಯಿರಿ, ನೀರು ಹಾಕಿ ತೊಳೆಯಬೇಡಿ.

ಹೊಸ ಗಾರೆಗೆ ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಮರಳು ಅಥವಾ ಸುರ್ಕಿ ಸಾಮಾನ್ಯ ಲೆಕ್ಕ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುವ ಪದ್ಧತಿಯೂ ಇದೆ. ಆದರೆ ಪಾಕ ನಿಮ್ಮ ಗೋಡೆಗೆ ಹೊಂದುತ್ತದೆಯೇ ಎಂದು ಮೊದಲು ಹಿಂಬದಿಯಲ್ಲಿ ಎರಡಡಿ ಚೌಕದಷ್ಟು ಬಳಿಸಿ ನೋಡಿ. ಬಿರುಕು ಬಿಟ್ಟರೆ ಮರಳಿನ ಪಾಲು ಬದಲಿಸಬೇಕು. ಸುಣ್ಣ ಎಷ್ಟು ದಿನ ನೀರಿನಲ್ಲಿ ನೆನೆದರೆ ಅಷ್ಟು ಒಳ್ಳೆಯದು, ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಅರಳಿಸುವಾಗ ಮಾತ್ರ ಕಣ್ಣಿಗೆ ಕನ್ನಡಕ, ಕೈಗೆ ಗವಸು ಕಡ್ಡಾಯ, ಮಕ್ಕಳು ಸುತ್ತ ಸುಳಿಯಬಾರದು. ಸುಟ್ಟ ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಬಳಿದ ಮೇಲೆ ಬಿಸಿಲು ನೇರವಾಗಿ ಬೀಳದಂತೆ ಒದ್ದೆ ಗೋಣಿತಾಟು ಇಳಿಬಿಟ್ಟು ನಿಧಾನವಾಗಿ ಆರಲು ಬಿಡಿ. ಒಂದು ಪದರ ಬಿಗಿದುಕೊಳ್ಳುವ ತನಕ ಮೇಲಿನ ಪದರ ಬೇಡ. ಬೆಂಗಳೂರು, ಮೈಸೂರುಗಳಲ್ಲಿ ಹಿಂಗಾರು ಕಳೆದು ಬಿಸಿಲು ಏರುವ ಮುನ್ನಿನ ದಿನಗಳು, ಅಂದರೆ ಡಿಸೆಂಬರಿನಿಂದ ಫೆಬ್ರುವರಿ, ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ.

ಮೇಸ್ತ್ರಿ ‘ಸುಣ್ಣಕ್ಕೆ ಒಂದು ಹಿಡಿ ಸಿಮೆಂಟು ಹಾಕೋಣ, ಬೇಗ ಹಿಡಿಯುತ್ತೆ’ ಅಂದರೆ ಒಪ್ಪಬೇಡಿ.

ತಲೆಯ ಮೇಲಿನದು

ಹಳೆ ಬಡಾವಣೆಗಳಲ್ಲಿ ಕಾಣುವ ಚಾವಣಿಗಳು ಮುಖ್ಯವಾಗಿ ಎರಡು. ಒಂದು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ರಾಜ್ಯದಾಚೆಗೂ ಹಬ್ಬಿದ ಹೆಂಚು ಇದು. ಸೋರಿಕೆಯ ಮದ್ದು ಸುಲಭ: ಒಡೆದವನ್ನು ಬದಲಿಸಿ, ಗೆದ್ದಲು ಹಿಡಿದ ರೀಪುಗಳನ್ನು ತೆಗೆದು ಹೊಸದು ಹೊಡೆಸಿ. ಹೆಂಚಿನ ಮೇಲೆ ಬಣ್ಣ ಬಳಿಸುವ ಅಗತ್ಯವಿಲ್ಲ. ಕೆಡವಿದ ಮನೆಗಳ ಸಾಮಾನು ಮಾರುವ ಅಂಗಡಿಗಳಲ್ಲಿ ಹಳೆ ಹೆಂಚು ಸಿಗುತ್ತದೆ. ಆದರೆ ಒಂದೊಂದು ಕಾರ್ಖಾನೆಯ ಹೆಂಚಿನ ಕಚ್ಚು ಒಂದೊಂದು ಥರ, ನಿಮ್ಮ ಹೆಂಚೊಂದನ್ನು ಕೈಯಲ್ಲಿ ಹಿಡಿದು ಹೋಗಿ ಜೋಡಿಸಿ ನೋಡಿಯೇ ಕೊಳ್ಳಿ.

ಇನ್ನೊಂದು ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ಜಂತೆ, ಅದರ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂಡಿಸಿ, ಮೇಲೆ ಇಟ್ಟಿಗೆ ಚೂರು ಸುಣ್ಣ ಬೆರೆಸಿ ಬಡಿದು ಬಡಿದು ಗಟ್ಟಿಮಾಡಿದ ಚಾವಣಿ. ಬೇಸಿಗೆಯಲ್ಲಿ ಇದರ ಕೆಳಗಿನ ತಂಪು ಕಾಂಕ್ರೀಟಿನ ಅಡಿಯಲ್ಲಿ ಸಿಗದು. ಇದಕ್ಕೆ ನೀರು ಇಳಿದರೆ ಮೊದಲು ಕೊಳೆಯುವುದು ತೊಲೆಯ ತುದಿ, ಅದೂ ಗೋಡೆಯೊಳಗೆ ಹೂತ, ಕಣ್ಣಿಗೆ ಕಾಣದ ಭಾಗ. ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ: ಸಲೀಸಾಗಿ ಒಳಹೊಕ್ಕರೆ ಕೊಳೆತಿದೆ. ಹಾಗೆಂದು ಇಡೀ ತೊಲೆ ಬಿಸಾಡಬೇಕಿಲ್ಲ. ಕೆಟ್ಟ ತುದಿಯನ್ನು ಕತ್ತರಿಸಿ ಒಣಗಿದ ತೇಗದ ತುಂಡನ್ನು ಕಚ್ಚು ಹಾಕಿ ಬೆಸೆಯಬಹುದು, ಅಥವಾ ಉಕ್ಕಿನ ಪಟ್ಟಿ ಕಟ್ಟಿ ಗೋಡೆಗೆ ಕೂರಿಸಬಹುದು. ಆ ತುದಿಯ ಸುತ್ತ ಗಾಳಿಯಾಡಲು ಒಂದಿಷ್ಟು ಸಂದು ಬಿಡಿ.

ಸೋರಿಕೆ ನಿಲ್ಲಿಸಲೆಂದು ಮದ್ರಾಸ್ ತಾರಸಿಯ ಮೇಲೆ ಪದರದ ಮೇಲೆ ಪದರ ಸಿಮೆಂಟು ಹಾಕಿಸುವುದನ್ನು ದಯವಿಟ್ಟು ನಿಲ್ಲಿಸಿ. ಪ್ರತಿ ಪದರವೂ ತೊಲೆಗೆ ಹೊಸ ಭಾರ. ಅದಕ್ಕಿಂತ ದೊಡ್ಡ ಅಪಾಯ ನೀರಿನ ಟ್ಯಾಂಕು. ಸಾವಿರ ಲೀಟರಿನ ಟ್ಯಾಂಕು ತುಂಬಿದಾಗ ಒಂದು ಟನ್ ತೂಗುತ್ತದೆ. ಅದನ್ನು ನೂರು ವರ್ಷದ ಮರದ ಮೇಲೆ ಇಟ್ಟ ಮನೆಗಳು ಈಗಲೂ ಬೇಕಾದಷ್ಟಿವೆ. ಟ್ಯಾಂಕಿಗೂ ಸೋಲಾರ್ ವಾಟರ್ ಹೀಟರಿಗೂ ಹಿತ್ತಲಲ್ಲಿ ನೆಲದಿಂದಲೇ ಎದ್ದ ಉಕ್ಕಿನ ಅಟ್ಟಣೆ ಮಾಡಿಸಿ. ಪ್ಯಾರಾಪೆಟ್ಟಿನ ಸಂದಿಯಲ್ಲಿ ಅರಳಿ, ಆಲದ ಸಸಿ ಕಂಡರೆ ಎಳೆಯದಿದ್ದಾಗಲೇ ಬೇರುಸಮೇತ ಕೀಳಬೇಕು. ಮೇಲೆ ಮೇಲೆ ಕತ್ತರಿಸಿದರೆ ಬೇರು ಒಳಗೊಳಗೇ ದಪ್ಪವಾಗಿ ಗೋಡೆಯನ್ನು ಸೀಳುತ್ತದೆ.

ಹೊಸದು ಹಿಂದಿರಲಿ

ಹಳೆ ಮನೆಯಲ್ಲಿ ಇಂದಿನ ಸಂಸಾರ ನಡೆಯಬೇಕಾದರೆ ಸ್ನಾನದ ಮನೆಗಳು ಬೇಕು, ಕಾರು ನಿಲ್ಲಬೇಕು, ವಯಸ್ಸಾದವರಿಗೆ ಮೆಟ್ಟಿಲಿಲ್ಲದ ದಾರಿ ಬೇಕು, ಕೆಲವೊಮ್ಮೆ ಬಾಡಿಗೆಯ ಆದಾಯವೂ ಬೇಕು. ಇದನ್ನೆಲ್ಲ ಅಲ್ಲಗಳೆದು ‘ಪರಂಪರೆ ಉಳಿಸಿ’ ಎಂದು ಉಪದೇಶ ಮಾಡುವುದು ನ್ಯಾಯವಲ್ಲ. ನಮ್ಮ ಹಳೆ ನಿವೇಶನಗಳಿಗೆ ಹಿತ್ತಲೆಂಬ ಭಾಗ್ಯವಿದೆ. ಮುಂದಿನ ಜಗುಲಿ, ಹಜಾರ, ಮಂಕಿ ಟಾಪಿನ ಕಿಟಕಿ, ಚಾವಣಿಯ ಅಂಚು, ಗಿಡ್ಡ ಕಾಂಪೌಂಡು ಇವಿಷ್ಟನ್ನು ಇದ್ದಂತೆ ಉಳಿಸಿ, ಹಿಂದೆ ಎರಡು ಅಂತಸ್ತು ಕಟ್ಟಿಕೊಂಡರೆ ಬೀದಿಗೂ ಸುಖ, ಮನೆಗೂ ಸುಖ. ಬೀದಿಯ ಬೆಲೆ ಇರುವುದು ಸಾಲಿನಲ್ಲಿ. ಹತ್ತು ಮನೆಗಳ ಸೂರು ಒಂದೇ ಮಟ್ಟದಲ್ಲಿ ಹೋಗುವಾಗ ಹನ್ನೊಂದನೆಯದು ಗಾಜಿನ ಗೋಡೆ ಎಬ್ಬಿಸಿದರೆ ಉಳಿದ ಹತ್ತಕ್ಕೂ ಪೆಟ್ಟು.

ಹೊಸ ಭಾಗಕ್ಕೆ ಅದರದ್ದೇ ಅಡಿಪಾಯ, ಅದರದ್ದೇ ಕಂಬಗಳಿರಲಿ. ಹಳೆ ಗೋಡೆಯ ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಹೊರಿಸಬೇಡಿ. ಎರಡೂ ಕೂಡುವಲ್ಲಿ ಸಣ್ಣ ಸಂದು ಬಿಟ್ಟು ಮೇಲೆ ತಗಡು ಮುಚ್ಚಿದರೆ ಒಂದು ತುಸು ಕುಸಿದಾಗ ಇನ್ನೊಂದು ಬಿರಿಯದು. ಒದ್ದೆ ಕೆಲಸವೆಲ್ಲ, ಅಂದರೆ ಬಚ್ಚಲು, ಶೌಚಾಲಯ, ಬಟ್ಟೆ ಒಗೆಯುವ ಯಂತ್ರ, ಹೊಸ ಭಾಗಕ್ಕೆ ಹೋಗಲಿ. ಹೊಸದನ್ನು ಹಳೆಯದರಂತೆ ವೇಷ ಹಾಕಿಸುವ ಅಗತ್ಯವಿಲ್ಲ. ಫೈಬರಿನ ಕಮಾನು, ಸಿಮೆಂಟಿನ ಬೋದಿಗೆ ಅಂಟಿಸಿದ್ದಕ್ಕಿಂತ ಸರಳವಾದ ಗೋಡೆಯೇ ಪಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಹಳೆಯದರ ಮೋಹ ಬೇಡ. ಬಟ್ಟೆ ಸುತ್ತಿದ, ರಬ್ಬರು ಒಣಗಿದ ತಂತಿಗಳನ್ನು ಪೂರಾ ತೆಗೆಸಿ ಹೊಸ ತಂತಿ, ಅರ್ಥಿಂಗ್, ಸೋರಿಕೆ ಕಂಡರೆ ತಾನೇ ಬೀಳುವ ಬ್ರೇಕರ್ ಹಾಕಿಸಿ. ಗೋಡೆ ಕೊರೆಯದೆ ಹೊರಗಿನಿಂದಲೇ ಕೊಳವೆ ಎಳೆಸಿ. ರೆಡ್ ಆಕ್ಸೈಡ್ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಅಂಟಿಸಿದರೆ ನೆಲದಡಿಯ ತೇವ ಗೋಡೆಗೇ ತಿರುಗುತ್ತದೆ, ಬಾಗಿಲುಗಳ ಬುಡ ಕತ್ತರಿಸಬೇಕಾಗುತ್ತದೆ. ಹಿತ್ತಲಲ್ಲಿ ಮುಚ್ಚಿದ ಬಾವಿಯಿದ್ದರೆ ಹೂಳು ತೆಗೆಸಿ, ತಾರಸಿಯ ನೀರನ್ನು ಸೋಸಿ ಅದಕ್ಕೇ ಬಿಡಿ. ಬೆಂಗಳೂರಿನಲ್ಲಿ 2,400 ಚದರಡಿ ಮತ್ತು ಮೇಲ್ಪಟ್ಟ ನಿವೇಶನದ ಹಳೆ ಮನೆಗಳಿಗೂ ಮಳೆನೀರು ಸಂಗ್ರಹ ಹೇಗೂ ಕಡ್ಡಾಯ.

ಅರ್ಧ ಕೆಡವಿದ ಮನೆಯೂ ಎದ್ದು ನಿಲ್ಲಬಲ್ಲದು. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ತೊಡಗಿದಾಗ ಓದುಗರ ಕೂಗಿಗೆ ಕೆಲಸ ನಿಂತಿತು. ಮುಂದೆ ಮಹಾನಗರ ಪಾಲಿಕೆ ಅದನ್ನು ಕೊಂಡು ದುರಸ್ತಿ ಮಾಡಿಸಿ, 2016ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು.

ಕಾಗದ, ಪರವಾನಗಿ, ಹಣ

ಮೊದಲು ಮನೆಯೊಳಗಿನ ಕಾಗದ. ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಯಾವ ಬ್ಯಾಂಕೂ ದುರಸ್ತಿ ಸಾಲ ಕೊಡುವುದು ಕಷ್ಟ. ವಂಶವೃಕ್ಷ ಮಾಡಿಸಿ, ವಿಭಾಗ ಪತ್ರವೋ ಹಕ್ಕು ಬಿಡುಗಡೆ ಪತ್ರವೋ ನೋಂದಾಯಿಸಿಕೊಳ್ಳಿ. ಹೆಣ್ಣುಮಕ್ಕಳನ್ನು ಬಿಟ್ಟು ಅಣ್ಣ ತಮ್ಮಂದಿರಷ್ಟೇ ಸಹಿ ಹಾಕಿದರೆ ಸಾಲದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲು. ಜಂಟಿ ಅಭಿವೃದ್ಧಿಗೆ ಬಿಲ್ಡರ್ ಬಂದರೆ ಮುಂಭಾಗ ಉಳಿಸಿ ಹಿಂದೆ ಕಟ್ಟುವ ನಕ್ಷೆಯೊಂದನ್ನೂ ಅವರಿಂದ ಕೇಳಿ, ಎರಡರ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಆಮೇಲೆ ಸರ್ಕಾರದ ಕಾಗದ. ಮನೆ ಪಾರಂಪರಿಕ ಪಟ್ಟಿಯಲ್ಲಿದೆಯೇ, ಪಾರಂಪರಿಕ ಪ್ರದೇಶದೊಳಗೆ ಬರುತ್ತದೆಯೇ ಎಂದು ಪಾಲಿಕೆಯಲ್ಲೂ ನಗರಾಭಿವೃದ್ಧಿ ಪ್ರಾಧಿಕಾರದಲ್ಲೂ ಲಿಖಿತವಾಗಿ ಕೇಳಿ. ಮೈಸೂರಿನಲ್ಲಿ ಜಿಲ್ಲಾ ಪಾರಂಪರಿಕ ಸಮಿತಿಯೂ ಇದೆ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದ ಸಂರಕ್ಷಿತ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ನಿರ್ಮಾಣ ನಿಷಿದ್ಧ, ಅಲ್ಲಿಂದಾಚೆಗಿನ 200 ಮೀಟರಿನಲ್ಲಿ ಅನುಮತಿ ಬೇಕು. ಬೆಂಗಳೂರಿನ ಕೋಟೆ, ಟಿಪ್ಪು ಬೇಸಿಗೆ ಅರಮನೆಯ ಸುತ್ತಲಿನವರಿಗೆ, ಶ್ರೀರಂಗಪಟ್ಟಣ, ವಿಜಯಪುರದವರಿಗೆ ಇದು ನಿತ್ಯದ ಪ್ರಶ್ನೆ. ನಿಷಿದ್ಧ ಎಲ್ಲೆಯೊಳಗೆ ಇರುವ ಮನೆಯ ದುರಸ್ತಿಗೂ ಅನುಮತಿ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಎಷ್ಟೋ ಜನ ಇದನ್ನು ತಿಳಿಯದೆ ಮನೆ ಬೀಳುವ ತನಕ ಸುಮ್ಮನಿರುತ್ತಾರೆ.

ಮುಂಬೈ 1995ರಲ್ಲೇ ಕಟ್ಟಡಗಳಿಗೆ ದರ್ಜೆ ಕೊಟ್ಟು, ಯಾವುದರಲ್ಲಿ ಎಷ್ಟು ಬದಲಾವಣೆ ಸಲ್ಲುತ್ತದೆಂದು ನಿಯಮ ಮಾಡಿತು. ಅಹಮದಾಬಾದಿನಲ್ಲಿ ಹಳೆ ಮನೆ ಉಳಿಸಿಕೊಂಡವರು ತಾವು ಬಳಸದ ಕಟ್ಟಡ ಹಕ್ಕನ್ನು ಮಾರಬಹುದು. ಉಳಿಸಿಕೊಂಡವರಿಗೆ ನಷ್ಟವಾಗಬಾರದೆಂಬ ಈ ನ್ಯಾಯ ನಮ್ಮ ಬಡಾವಣೆಗಳ ಮಾಲೀಕರಿಗೂ ಸುಲಭವಾಗಿ, ಅಲೆದಾಟವಿಲ್ಲದೆ ಸಿಗಬೇಕು. ಬಡಾವಣೆಯ ನಿವಾಸಿಗಳ ಸಂಘಗಳು ಒಟ್ಟಾಗಿ ಕೇಳಬೇಕಾದ ಬೇಡಿಕೆ ಇದು.

ಕೆಲಸ ಕೊಡುವಾಗ ಚದರಡಿಗೆ ಇಷ್ಟೆಂದು ಗುತ್ತಿಗೆ ಬೇಡ. ಹಳೆ ಗೋಡೆ ಬಿಚ್ಚಿದ ಮೇಲೆ ಏನು ಕಾಣುತ್ತದೋ ಯಾರೂ ಮೊದಲೇ ಹೇಳಲಾರರು, ಚದರಡಿ ಲೆಕ್ಕದಲ್ಲಿ ಬಂದವರು ಕಂಡದ್ದನ್ನು ಮುಚ್ಚಿಬಿಡುತ್ತಾರೆ. ದಿನಗೂಲಿಗೋ, ಕೆಲಸಕ್ಕೊಂದು ದರವಿಟ್ಟೋ ಮಾತಾಡಿ, ಅಂದಾಜಿನ ಮೇಲೆ ಐದನೇ ಒಂದು ಪಾಲಿನಷ್ಟು ಹಣ ಎತ್ತಿಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ವರ್ಷ ಮಾಡಬೇಕಿಲ್ಲ: ಮೊದಲ ವರ್ಷ ಚಾವಣಿ ಮತ್ತು ನೀರಿನ ದಾರಿ, ಎರಡನೆಯ ವರ್ಷ ತಂತಿ ಮತ್ತು ಗಾರೆ, ಅದಾದ ಮೇಲೆ ಹಿತ್ತಲಿನ ಹೊಸ ಕೋಣೆ. ಶುರುವಿಗೆ ಮುನ್ನ ಪ್ರತಿ ಕೋಣೆಯ ಫೋಟೊ, ಅಳತೆಯ ನಕ್ಷೆ ಮಾಡಿಸಿಡಿ. ಬಿಚ್ಚಿದ ಬಾಗಿಲು, ಕಿಟಕಿಗಳಿಗೆ ಸೀಮೆಸುಣ್ಣದಲ್ಲಲ್ಲ, ಅಳಿಸದ ಬಣ್ಣದಲ್ಲಿ ನಂಬರು ಬರೆಸಿ, ಗೆದ್ದಲು ಹತ್ತದ ಕಡೆ ನೆಲದಿಂದ ಮೇಲೆ ಜೋಡಿಸಿಡಿ. ಯಾವ ಗೋಡೆಗೆ ಯಾವ ಪಾಕದ ಗಾರೆ, ಯಾವ ತೊಲೆಗೆ ಯಾವ ವರ್ಷ ಜೋಡಣೆ ಆಯಿತೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಮನೆಯ ಕ್ರಯಪತ್ರದ ಜೊತೆಗೇ ಇಡಿ. ಮುಂದಿನ ಮೇಸ್ತ್ರಿ ಬಂದಾಗ ಅವರ ಕೈಗೆ ಮೊದಲು ಕೊಡಬೇಕಾದದ್ದು ಆ ನೋಟ್‌ಬುಕ್.